ದಬದಬೆಯ ಬಗಲಲ್ಲೇ ಅರಳಿದೆ ಮರುಭೂಮಿ

ಗೋಕಾಕ ಫಾಲ್ಸಿಗೆ ಬಂದವರೆಲ್ಲ ನೀರು ನೋಡುತ್ತಾರೆ. ನೋಡಬೇಕಾದ್ದೇ. ಶ್ರಾವಣದಲ್ಲಿ ಘಟಪ್ರಭೆ ಕೆಂಪಗೆ ಉಬ್ಬಿ ಬಂದು, ಲಾಳದಾಕಾರದ ಕಲ್ಲಂಚಿನಿಂದ 52 ಮೀಟರ್ ಕೆಳಗೆ ಧುಮುಕುವಾಗ ಆ ಸದ್ದು ಎದೆಯೊಳಗೂ ಇಳಿಯುತ್ತದೆ. ತೂಗುಸೇತುವೆಯ ಮೇಲೆ ನಿಂತವರ ಮುಖ, ಅಂಗಿ, ಕೈಯಲ್ಲಿನ ಮೊಬೈಲು ಎಲ್ಲ ತುಂತುರಿನಲ್ಲಿ ತೋಯುತ್ತವೆ. ಆದರೆ ಆ ನೀರಿಗೆ ಒಮ್ಮೆ ಬೆನ್ನು ತಿರುಗಿಸಿ! ದಂಡೆಯ ಬಂಡೆ ಹತ್ತಿ, ತುಂತುರು ಮುಟ್ಟದ ಕಡೆಗೆ ಸ್ವಲ್ಪ ದೂರ ನಡೆಯಿರಿ. ಕಲ್ಲಿನ ಬಿರುಕಿನಲ್ಲಿ, ಹಿಡಿ ಮಣ್ಣೂ ಇಲ್ಲದಲ್ಲಿ, ಬೂದುಹಸಿರು ಎಲೆ ಹೊತ್ತ ಒಂದು ಪೊದೆ ನಿಂತಿರುತ್ತದೆ. ಸಹಾರಾದಲ್ಲಿ, ಅರೇಬಿಯಾದ ಮರಳಿನಲ್ಲಿ, ಮೃತ ಸಮುದ್ರದ ದಂಡೆಯಲ್ಲಿ, ರಾಜಸ್ಥಾನದ ಥಾರ್‌ನಲ್ಲಿ ಬೆಳೆಯುವ ಬಳಗಕ್ಕೆ ಸೇರಿದ ಗಿಡ. ನಮ್ಮ ಎಕ್ಕಿ.

ಹೌದು, ಅದೇ ಎಕ್ಕಿ. ಶನಿವಾರ ಹನಮಪ್ಪನ ಕೊರಳಿಗೆ ಹಾರವಾಗುವ ಎಲೆ. ರಥಸಪ್ತಮಿಯ ಮುಂಜಾನೆ ನೆತ್ತಿ, ಹೆಗಲ ಮೇಲಿಟ್ಟುಕೊಂಡು ಮೀಯುವ ಎಲೆ. ಕಾಲಿಗೆ ಜಾಲಿಮುಳ್ಳು ನಟ್ಟರೆ ಹಾಲು ಹಚ್ಚುವ ಗಿಡ. ಹುಟ್ಟಿದಾಗಿನಿಂದ ಕಂಡದ್ದು ಎಂಬ ಒಂದೇ ಕಾರಣಕ್ಕೆ ನಾವು ಅದರ ಹೂವಿನೊಳಗೆ ಇಣುಕುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಹಿಡಿದು ಆ ಹೂವಿನ ಮುಂದೆ ಕೂತ ಮೇಲೆ, ಈ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ ಮತ್ತೊಂದಿಲ್ಲ ಎಂದು ನನಗೆ ಖಾತ್ರಿಯಾಗಿದೆ. ದಬದಬೆಯನ್ನೂ ಲೆಕ್ಕಕ್ಕೆ ಹಿಡಿದೇ ಈ ಮಾತು ಹೇಳುತ್ತಿದ್ದೇನೆ.

ಹೂವು ನೋಡಿ. ಮಾಸಲು ಬಿಳುಪಿಗೆ ನೇರಳೆ ಬೆರೆತ ಐದು ದಪ್ಪ ಎಸಳು, ಕೈಗೆ ಮೇಣದ ನುಣುಪು. ನಡುವೆ ಎದ್ದು ನಿಂತ ಐದು ಮಡಿಕೆಯ ಕಿರೀಟ. ದಾಸವಾಳದಲ್ಲಾದರೆ ಪರಾಗ ಪುಡಿಯಾಗಿ ಉದುರುತ್ತದೆ, ಬೆರಳಿಗೆ ಅಂಟುತ್ತದೆ. ಗಂಡುಭಾಗ ಯಾವುದು, ಹೆಣ್ಣುಭಾಗ ಯಾವುದು ಎಂದು ಶಾಲೆಯ ಮಕ್ಕಳೂ ತೋರಿಸುತ್ತಾರೆ. ಎಕ್ಕಿಯಲ್ಲಿ ಪುಡಿಯೇ ಇಲ್ಲ! ಎರಡೂ ಭಾಗಗಳು ಬೆಸೆದು ಒಂದೇ ಕಂಬವಾಗಿವೆ. ಕಂಬದ ನೆತ್ತಿ ಚಪ್ಪಟೆಯಾದ ಪಂಚಕೋನ. ಕಂಬದ ಮೈಯಲ್ಲಿ ಮೇಲಿನಿಂದ ಕೆಳಕ್ಕೆ ಐದು ಸೀಳು, ಒಂದೊಂದು ಸೀಳಿನ ತಲೆಯ ಮೇಲೆ ಸಾಸಿವೆಗಿಂತ ಎಷ್ಟೋ ಸಣ್ಣದಾದ ಒಂದು ಕಂದು ಚುಕ್ಕೆ.

ಅದು ಬರೀ ಚುಕ್ಕೆಯಲ್ಲ, ಕೊಂಡಿ. ತೆಳು ಸೂಜಿಯ ಮೊನೆಯನ್ನು ಸೀಳಿನ ಬುಡಕ್ಕೆ ತಾಗಿಸಿ, ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಸೀಳಿನ ಎರಡೂ ಅಂಚು ಮೊನೆಯನ್ನು ಆಚೀಚೆ ಸರಿಯಗೊಡದೆ ಕೊಂಡಿಯತ್ತಲೇ ಒಯ್ಯುತ್ತವೆ. ಕೊಂಡಿ ಸೂಜಿಯನ್ನು ಗಪ್ಪನೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಚೂರು ಎಳೆದರೆ ಹೊರಗೆ ಬರುವುದನ್ನು ನೋಡಬೇಕು: ಕೊಂಡಿಯ ಎರಡು ಬದಿಗೆ ಎರಡು ಕಿರುತೋಳು, ತೋಳುಗಳ ತುದಿಗೆ ಜೋತುಬಿದ್ದ ಎರಡು ಹಳದಿ ಗಟ್ಟಿ. ಬಿಸಿಲಿಗೆ ಹಿಡಿದರೆ ಬಂಗಾರ! ಒಂದೊಂದು ಗಟ್ಟಿಯೊಳಗೆ ನೂರಾರು ಪರಾಗಕಣಗಳು ಒತ್ತೊತ್ತಾಗಿ ಕೂತಿವೆ. ಸಸ್ಯಶಾಸ್ತ್ರದವರು ಇದನ್ನು ಪರಾಗಪಿಂಡ ಅನ್ನುತ್ತಾರೆ. ಒಂದು ಹೂವಿಗೆ ಇಂಥವು ಐದು ಜೊತೆ. ಹೂವು ತನ್ನ ಪರಾಗವನ್ನು ಗಾಳಿಗೆ ತೂರುವುದಿಲ್ಲ, ಬಂದವರ ಮೈಗೆಲ್ಲ ಬಳಿಯುವುದಿಲ್ಲ. ಕಟ್ಟು ಕಟ್ಟಿ, ಕೊಂಡಿ ಹಾಕಿ, ಸರಿಯಾದ ಕಾಲು ಬಂದು ಸಿಕ್ಕುವವರೆಗೆ ಕಾಯುತ್ತದೆ.

ಆ ಕಾಲು ಯಾರದು? ಸದ್ದೇ ಹೇಳುತ್ತದೆ. ಏರುಬಿಸಿಲಿನಲ್ಲಿ ಗುಂಯ್ ಎಂದು ಬಂದೇಬಿಡುತ್ತದೆ ಗುಂಗಿಹುಳ. ಒಣಮರಕ್ಕೆ ತೂತು ಕೊರೆದು ಗೂಡು ಮಾಡುವ, ಕಪ್ಪು ಮೈಯ, ಬಿಸಿಲು ಬಿದ್ದರೆ ರೆಕ್ಕೆಯಲ್ಲಿ ನೀಲಿ ನೇರಳೆ ಮಿಂಚುವ ದೊಡ್ಡ ದುಂಬಿ. ಮಕರಂದ ಕಿರೀಟದ ಬುಡದಲ್ಲಿದೆ. ಅದನ್ನು ಹೀರಬೇಕಾದರೆ ದುಂಬಿ ಕಿರೀಟವನ್ನು ಅಪ್ಪಿ ಹಿಡಿಯಬೇಕು. ಹಿಡಿದಾಗ ಕಾಲೋ ಬಾಯಿಯ ಭಾಗವೋ ಸೀಳಿನೊಳಗೆ ಜಾರುತ್ತದೆ. ಹೊರಡುವಾಗ ಕಾಲು ಎಳೆದುಕೊಳ್ಳುತ್ತದೆ, ಕೊಂಡಿ ಕಚ್ಚುತ್ತದೆ. ಒಂದು ಜಗ್ಗು! ಎರಡು ಬಂಗಾರದ ಗಟ್ಟಿ ಹೊತ್ತು ದುಂಬಿ ಹಾರಿತು. ಜಗ್ಗಲು ಬಲ ಬೇಕು. ಈ ಕುಟುಂಬದ ಹೂಗಳಲ್ಲಿ ಬಲವಿಲ್ಲದ ಸಣ್ಣ ಹುಳುಗಳು ಸಿಕ್ಕಿಕೊಂಡು ಕಾಲು ಕಳೆದುಕೊಳ್ಳುವುದೂ ಉಂಟು, ಅಲ್ಲೇ ಸಾಯುವುದೂ ಉಂಟು. ಎಕ್ಕಿಗೆ ದೊಡ್ಡ ದುಂಬಿಯೇ ಆಗಬೇಕು.

ಇನ್ನು ಮುಂದಿನದು ನನ್ನನ್ನು ಇಂದಿಗೂ ಬೆರಗಿನಲ್ಲಿ ಇಟ್ಟಿರುವ ಭಾಗ. ಈ ಬಳಗದ ಹೂಗಳಲ್ಲಿ, ಹೊರಬಂದ ಆ ಕಿರುತೋಳುಗಳು ಗಾಳಿಗೆ ಒಣಗುತ್ತ ಒಣಗುತ್ತ ತಿರುಚಿಕೊಳ್ಳುತ್ತವೆ. ತಿರುಚಿಕೊಂಡಾಗ ಗಟ್ಟಿಗಳ ಮುಖ ಹೊರಳುತ್ತದೆ. ಹೊರಳಿದ ಮೇಲೆಯೇ ಅವು ಇನ್ನೊಂದು ಹೂವಿನ ಸೀಳಿಗೆ ಸರಿಯಾಗಿ ಹೊಂದುವ ನಿಲುವಿಗೆ ಬರುವುದು. ದುಂಬಿ ಮತ್ತೊಂದು ಹೂವಿಗೆ ಹೋಗಿ ಕೂತಾಗ ಗಟ್ಟಿ ಅಲ್ಲಿನ ಸೀಳಿಗೆ ಸೇರುತ್ತದೆ, ತೋಳು ಮುರಿಯುತ್ತದೆ, ಗಟ್ಟಿ ಒಳಗೇ ಉಳಿಯುತ್ತದೆ. ಒಳಗಿನ ತೇವಕ್ಕೆ ನೂರಾರು ಕಣಗಳು ಒಟ್ಟಿಗೆ ಮೊಳೆತು ಅಂಡಾಶಯದತ್ತ ಇಳಿಯುತ್ತವೆ. ಒಂದು ಕಾಯಿಯೊಳಗಿನ ನೂರಾರು ಬೀಜಗಳಿಗೆ ಅಂಥ ಒಂದೇ ಒಂದು ಗಟ್ಟಿ ಸಾಕು! ನೆನಪಿಡಿ, ಇಷ್ಟೆಲ್ಲ ನಡೆಯುತ್ತಿರುವುದು ನಮ್ಮ ಬಸ್‌ಸ್ಟ್ಯಾಂಡಿನ ಹಿಂದಿನ ತಿಪ್ಪೆಯ ಪಕ್ಕದ ಗಿಡದಲ್ಲಿ.

ಈ ಕುಟುಂಬದ ಹೂಗಳು ವಿಜ್ಞಾನಕ್ಕೆ ಕೊಟ್ಟದ್ದು ಸಣ್ಣದಲ್ಲ. ಎಕ್ಕಿಯ ಕುಲಕ್ಕೆ ಶಾಸ್ತ್ರದಲ್ಲಿ ಇಂದಿಗೂ ನಿಂತಿರುವ ಹೆಸರಿಟ್ಟವನು ಸ್ಕಾಟ್ಲೆಂಡಿನ ರಾಬರ್ಟ್ ಬ್ರೌನ್. ಇದೇ ಬ್ರೌನ್ ಸೀತಾಳೆ ಜಾತಿಯ ಹೂಗಳನ್ನೂ ಎಕ್ಕಿಯ ಬಳಗದ ಹೂಗಳನ್ನೂ ಮಸೂರದಡಿ ಇಟ್ಟುಕೊಂಡು, ಪರಾಗಪಿಂಡ ಹೇಗೆ ಕೆಲಸ ಮಾಡುತ್ತದೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. 1831ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಆ ಪ್ರಬಂಧ ಓದಿದ. ಅದರಲ್ಲೇ, ಪರಾಗದ ವಿಷಯದ ನಡುವೆ, ಜೀವಕೋಶಗಳ ಒಳಗೆ ಮತ್ತೆ ಮತ್ತೆ ಕಂಡ ಒಂದು ದುಂಡನೆಯ ಮಬ್ಬು ಭಾಗದ ಪ್ರಸ್ತಾಪ ಮಾಡಿ ಅದಕ್ಕೊಂದು ಹೆಸರು ಕೊಟ್ಟ. ನಾವು ಇವತ್ತು ಕೋಶಕೇಂದ್ರ ಅನ್ನುವುದು ಅದನ್ನೇ. ಜೀವಶಾಸ್ತ್ರದ ಇಷ್ಟು ದೊಡ್ಡ ಹೆಸರು ಮೊದಲು ಬಂದದ್ದು ಎಕ್ಕಿಯ ನಂಟರ ಹೂವು ಬಿಡಿಸುತ್ತ ಕೂತಿದ್ದ ಮನುಷ್ಯನ ಪ್ರಬಂಧದಲ್ಲಿ!

ಬಂಡೆಯ ಮೇಲೆ ನಾನು ಸೂಜಿ ಹಿಡಿದು ಕೂತಿದ್ದಾಗ ಆಡು ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ನಿಂತರು.

“ಏನ್ ಹುಡುಕಾಕತ್ತೀರಿ ಸರ?”

“ಎಕ್ಕಿ ಹೂವ ನೋಡಾಕತ್ತೇನ್ರಿ ಅಜ್ಜಾರ.”

“ಅದನೇನ್ ನೋಡ್ತೀರಿ ಬಿಡ್ರಿ. ನಮ್ಮ ಆಡು ಸೈತ ಅದನ್ನ ಮೂಸೂದಿಲ್ಲ.”

ಭೂತಗನ್ನಡಿ ಅವರ ಕೈಗೆ ಕೊಟ್ಟು, ಗಟ್ಟಿಗಳನ್ನು ಎಳೆದು ತೋರಿಸಿದೆ. ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. “ಯಪ್ಪಾ! ಇದರಾಗ ಇಷ್ಟೆಲ್ಲಾ ಐತೇನ್ರಿ?” ಎಂದರು. ಆಮೇಲೆ ಅವರೇ ನನಗೆ ಪಾಠ ಹೇಳತೊಡಗಿದರು: “ಬರ ಬಿದ್ದ ವರ್ಷ ಎಲ್ಲಾ ಒಣಗತಾವ್ರಿ. ಕರಿಕಿ ಒಣಗತೈತಿ, ಬಾರಿಗಿಡ ಎಲಿ ಉದರಸತೈತಿ. ಇದೊಂದು ಹಸರನ ನಿಂತಿರತೈತಿ ನೋಡ್ರಿ. ಇದರ ಬೇರು ಪಾತಾಳಕ್ಕ ಹೋಗಿರತೈತಿ.”

ಅವರು ಹೇಳಿದ್ದು ನಿಜ. ಇದರ ನಂಟ ಮರಳುಗಾಡಿನ ಎಕ್ಕೆಯ ತಾಯಿಬೇರು ಮೂರು ಮೀಟರಿನವರೆಗೆ ಇಳಿಯುವುದು ದಾಖಲಾಗಿದೆ. ಇಲ್ಲಿನ ಕಲ್ಲಿನಲ್ಲಿ ಬೇರು ಬಿರುಕು ಹುಡುಕಿ ಇಳಿಯಬೇಕು. ಎಲೆಯ ವಿಷಯ ಇನ್ನೂ ವಿಚಿತ್ರ. ಒಣನೆಲದ ಗಿಡಗಳು ಸಾಮಾನ್ಯವಾಗಿ ಎಲೆ ಚಿಕ್ಕದು ಮಾಡಿಕೊಳ್ಳುತ್ತವೆ, ಇಲ್ಲವೇ ಕಳ್ಳಿಯ ಹಾಗೆ ಎಲೆಯನ್ನೇ ಹೆಚ್ಚುಕಡಿಮೆ ಬಿಟ್ಟುಬಿಡುತ್ತವೆ. ಎಕ್ಕಿ ಮಾತ್ರ ಅಂಗೈಗಿಂತ ದೊಡ್ಡ ಎಲೆಗಳನ್ನು ಸುಡುಬಿಸಿಲಿಗೆ ಒಡ್ಡಿ ನಿಂತಿದೆ. ಎಲೆಯ ಮೇಲೆ ಬೆರಳಾಡಿಸಿ, ಬಿಳಿ ಹುಡಿಯೊಂದು ಬೆರಳಿಗೆ ಬರುತ್ತದೆ. ಅದು ಮೇಣ. ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಹೊಡೆದು, ಒಳಗಿನ ನೀರನ್ನು ಹೊರಗೆ ಬಿಡದೆ ಕಾಯುವುದು ಆ ಮೇಣ ಮತ್ತು ಅದರಡಿಯ ದಪ್ಪ ತೊಗಲು. ಎಲೆಗಳ ಜೋಡಣೆಯಲ್ಲೂ ಒಂದು ಲೆಕ್ಕವಿದೆ: ಒಂದು ಜೊತೆ ಎಲೆ ಪೂರ್ವ ಪಶ್ಚಿಮಕ್ಕಿದ್ದರೆ ಮುಂದಿನ ಜೊತೆ ಉತ್ತರ ದಕ್ಷಿಣಕ್ಕೆ.

ದಬದಬೆಯ ಪಕ್ಕ ಇಂಥ ಗಿಡಕ್ಕೇನು ಕೆಲಸ ಎಂದು ಕೇಳಬಹುದು. ಉತ್ತರ ನದಿಯಲ್ಲೇ ಇದೆ. ಈ ನೀರು ಇಲ್ಲಿಯದಲ್ಲ. ಘಟಪ್ರಭೆ ಹುಟ್ಟುವ ಸಹ್ಯಾದ್ರಿಯ ನೆತ್ತಿಯಲ್ಲಿ, ಅಂಬೋಲಿಯ ಸುತ್ತ, ಮಳೆಯನ್ನು ಮೀಟರುಗಳಲ್ಲಿ ಅಳೆಯುತ್ತಾರೆ. ಗೋಕಾಕಕ್ಕೆ ಅದರ ಹತ್ತರಲ್ಲೊಂದು ಪಾಲು ಬಂದರೆ ಪುಣ್ಯ. ಘಟ್ಟ ದಾಟುವಷ್ಟರಲ್ಲಿ ಮೋಡ ಹಗುರಾಗಿರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಲ್ಲಿ ನಿಂತು, ಧುಪದಾಳದ ಒಡ್ಡಿನಲ್ಲಿ ಇನ್ನೊಮ್ಮೆ ನಿಂತು, ಕಾಲುವೆಗೆ ಪಾಲು ಕೊಟ್ಟು, ಉಳಿದ ನೀರು ಫಾಲ್ಸಿನ ಅಂಚಿಗೆ ಬರುತ್ತದೆ. ನದಿ ಇಲ್ಲಿ ಹಾದುಹೋಗುವ ಅತಿಥಿ. ನೆಲ ಮಾತ್ರ ಒಣನೆಲ. ಬೇಸಿಗೆಯಲ್ಲಿ ನೀರು ಸೊರಗಿದಾಗ ಬಂದು ನೋಡಿ, ಕಲ್ಲು ಕಾದು ಚಪ್ಪಲಿ ದಾಟಿ ಸುಡುತ್ತದೆ.

ಆ ಕಲ್ಲಿಗೂ ಕತೆಯಿದೆ. ಇದು ಕಲಾದಗಿ ಶಿಲಾಸಮೂಹದ ಮರಳುಗಲ್ಲು, ಹೆಚ್ಚುಕಡಿಮೆ ನೂರು ಕೋಟಿ ವರ್ಷದ ಹಿಂದೆ ನೀರಿನಡಿ ಮರಳು ಮರಳಾಗಿ ಕೂತು ಗಟ್ಟಿಯಾದದ್ದು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯೆಲ್ಲ ಓಡಾಡಿ 1876ರಲ್ಲಿ ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯ ದೊಡ್ಡ ವರದಿ ಪ್ರಕಟಿಸಿದ. ಉತ್ತರಕ್ಕೂ ಪಶ್ಚಿಮಕ್ಕೂ ನಡೆದರೆ ದಖ್ಖನ್ನಿನ ಲಾವಾ ಕಲ್ಲು, ಅದು ಪುಡಿಯಾಗಿ ಆದ ಎರೆಮಣ್ಣು. ಮಹಾಲಿಂಗೇಶ್ವರ ಗುಡಿಯ ಸುತ್ತಲ ಬಂಡೆ, ಯೋಗಿಕೊಳ್ಳದ ಗುಡ್ಡ, ಮಾರ್ಕಂಡೇಯ ನದಿ ಧುಮುಕುವ ಗೊಡಚಿನಮಲ್ಕಿಯ ಹಾದಿ, ಎಲ್ಲ ಕಡೆಯೂ ಮಣ್ಣು ನಿಲ್ಲದ, ನೀರು ನಿಲ್ಲದ ಜಾಗಗಳಿವೆ. ಮಳೆ ಬಂದ ಗಂಟೆಯೊಳಗೆ ಇಂಥ ಬಂಡೆ ಒಣಗುತ್ತದೆ. ಎಕ್ಕಿಗೆ ಬೇಕಾದ್ದೇ ಅದು. ಇದೇ ಘಟಪ್ರಭೆ ಮುಂದೆ ಹರಿದುಹೋಗುವ ಬಾಗಲಕೋಟೆ ಜಿಲ್ಲೆಯಲ್ಲಿ, ಯಡಹಳ್ಳಿಯ ಕುರುಚಲು ಕಾಡಿನಲ್ಲಿ, ಚಿಂಕಾರ ಬದುಕಿದೆ. ಥಾರ್ ಮರುಭೂಮಿಯ ಅದೇ ಹುಲ್ಲೆ! ಮರುಭೂಮಿಯ ಜೀವಗಳು ನಮ್ಮ ಜಿಲ್ಲೆಗಳ ತನಕ ಸದ್ದಿಲ್ಲದೆ ಕೈಚಾಚಿವೆ.

ನಮ್ಮಲ್ಲಿ ಕಾಣುವ ಎಕ್ಕಿಯಲ್ಲಿ ಎರಡು ಜಾತಿ. ಒಂದು ಆಳೆತ್ತರ ಮೀರುವ ದೊಡ್ಡ ಎಕ್ಕೆ, ಎಸಳು ಬಿಚ್ಚಿ ಹರಡಿದ್ದು. ಇದು ಭಾರತದಿಂದ ಪೂರ್ವಕ್ಕೆ, ಆಗ್ನೇಯ ಏಷ್ಯಾದ ತನಕ ಹಬ್ಬಿದೆ. ಇನ್ನೊಂದು ಮರಳುಗಾಡಿನ ಎಕ್ಕೆ, ಎಸಳಿನ ತುದಿಗೆ ಕಡುನೇರಳೆ ಬಳಿದುಕೊಂಡು ಬಟ್ಟಲಾಗಿ ನಿಂತದ್ದು. ಇದು ಆಫ್ರಿಕದ ಪಶ್ಚಿಮ ತುದಿಯಿಂದ ಸಹಾರಾ, ಅರೇಬಿಯಾ ಹಾಯ್ದು ನಮ್ಮತ್ತ ಬಂದಿದೆ. ಎರಡು ಖಂಡಗಳ ಎರಡು ಹಾದಿ ಒಣ ದಖ್ಖನ್ನಿನಲ್ಲಿ ಸಂಧಿಸುತ್ತವೆ. ಮೊಗ್ಗು, ಎಸಳು ನೋಡಿ ಇದು ಯಾವ ಕಡೆಯದು ಎಂದು ಗುರುತಿಸುವ ಖುಷಿಯೇ ಬೇರೆ.

ಈಗ ಹಾಲಿನ ಮಾತು. ಎಲೆ ಮುರಿಯಿರಿ, ತೊಟ್ಟು ಗೀರಿ, ಎಲ್ಲಿ ಮುಟ್ಟಿದರೂ ಹಾಲು ಚಿಮ್ಮುತ್ತದೆ. ಗಿಡದ ಮೈಯಿಡೀ ಒತ್ತಡದಲ್ಲಿ ತುಂಬಿದ ಹಾಲಿನ ನಾಳಗಳು. ಆ ಹಾಲಿನಲ್ಲಿ ಹೃದಯಕ್ಕೆ ನಾಟುವ ವಿಷಗಳಿವೆ, ಕಾರ್ಡಿನೊಲೈಡ್ ಎಂಬ ಗುಂಪಿನವು. ಪ್ರಾಣಿಯ ಪ್ರತಿ ಕೋಶದ ಪೊರೆಯಲ್ಲೂ ಸೋಡಿಯಂ ಹೊರಗೆ ಹಾಕಿ ಪೊಟ್ಯಾಸಿಯಂ ಒಳಗೆ ತರುವ ಸಣ್ಣ ಪಂಪುಗಳಿವೆ. ಹೃದಯದ ಬಡಿತ, ನರದ ಮಿಡಿತ ಎರಡೂ ಅವುಗಳ ಮೇಲೆ ನಿಂತಿವೆ. ಈ ವಿಷ ನೇರ ಹೋಗಿ ಆ ಪಂಪನ್ನೇ ನಿಲ್ಲಿಸುತ್ತದೆ. ದನ ಕರು ಅದಕ್ಕೆ ಬಾಯಿ ಹಾಕುವುದಿಲ್ಲ.

ಕಣ್ಣಿಗೆ ಬಿದ್ದರಂತೂ ಅಪಾಯ. ಕಣ್ಣಿನ ಪಾರದರ್ಶಕ ಪಟಲದ ಒಳಪದರ ಘಾಸಿಗೊಂಡು, ಪಟಲ ಊದಿ, ನೋಟ ಮಂಜಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ನೋಟ ಮಾತ್ರ ಹೋಗಿರುತ್ತದೆ. ಪೂಜೆಗೆ ಎಲೆ ಕೀಳುವಾಗ ಹಾಲು ತಾಗಿದ ಕೈಯಿಂದ ಕಣ್ಣು ಉಜ್ಜಿಕೊಂಡರೂ ಇದಾಗಬಹುದು. ತಕ್ಷಣ ನೀರಿನಿಂದ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಓಡಬೇಕು. ಇದು ಬರೀ ಇಂದಿನ ವೈದ್ಯರ ತಿಳಿವಳಿಕೆಯಲ್ಲ! ಮಹಾಭಾರತದ ಆದಿಪರ್ವದ ಉಪಮನ್ಯುವನ್ನು ನೆನೆಯಿರಿ. ಧೌಮ್ಯರ ಶಿಷ್ಯ, ಗುರುವಿನ ದನ ಕಾಯುವ ಹುಡುಗ. ಭಿಕ್ಷಾನ್ನವೂ ಬೇಡ, ಹಾಲೂ ಬೇಡ, ಕರುವಿನ ಬಾಯಿಯ ನೊರೆಯೂ ಬೇಡ ಎಂದು ಗುರು ಒಂದೊಂದನ್ನೇ ತಪ್ಪಿಸಿದಾಗ, ಹಸಿವು ತಾಳದೆ ಎಕ್ಕದ ಎಲೆ ತಿಂದ. ಕಣ್ಣು ಹೋಯಿತು. ಕುರುಡನಾಗಿ ಅಲೆಯುತ್ತ ಹಾಳುಬಾವಿಗೆ ಬಿದ್ದ. ಅಶ್ವಿನೀದೇವತೆಗಳು ಬಂದು ಕಣ್ಣು ಕೊಟ್ಟರು. ತಿನ್ನುವುದಕ್ಕೇನೂ ಇಲ್ಲದ ಕಾಡಿನಲ್ಲಿ ಎಕ್ಕವೊಂದು ಹಸಿರಾಗಿ ನಿಂತಿತ್ತು, ಅದು ಕಣ್ಣಿಗೆ ಮಾರಕವಾಗಿತ್ತು: ಆ ಕತೆ ಕಟ್ಟಿದವರು ಗಿಡವನ್ನೂ ಅದರ ನೆಲವನ್ನೂ ಹತ್ತಿರದಿಂದ ಬಲ್ಲವರೇ ಇರಬೇಕು.

ಇಷ್ಟು ವಿಷದ ಗಿಡದ ಮೇಲೆ ಒಂದು ಊರೇ ಬದುಕಿದೆ. ಎಲೆಯ ಅಡಿ ಮಗುಚಿ ನೋಡಿ, ಹಳದಿ ಹೇನುಗಳ ಸಾಲು. ಕೊಂಬೆಯ ಮೇಲೆ ಎಕ್ಕಿ ಮಿಡತೆ. ಹಳದಿ ಮತ್ತು ನವಿಲುನೀಲಿಯ ಪಟ್ಟೆ, ಇಷ್ಟು ಬಣ್ಣ ಹಾಕಿಕೊಂಡು ಬಯಲಿನಲ್ಲಿ ಕೂರುವ ಧೈರ್ಯ ಅದಕ್ಕೆ ಬಂದದ್ದು ಹೊಟ್ಟೆಯೊಳಗಿನ ಎಕ್ಕಿಯಿಂದ. ಅದರ ಮರಿಯನ್ನು ಹಿಡಿಯಲು ಹೋದರೆ ಪಿಚಕ್ಕನೆ ರಸ ಚಿಮ್ಮಿಸುತ್ತದೆ. ಕಾಯಿಯೊಳಗೇ ಮೊಟ್ಟೆಯಿಡುವ ನೊಣವೊಂದಿದೆ.

ಈ ಊರಿನ ದೊರೆ ಮಾತ್ರ ಪಾತರಗಿತ್ತಿ. ಕಿತ್ತಳೆ ರೆಕ್ಕೆಗೆ ಕಪ್ಪು ಅಂಚು, ಮುಂರೆಕ್ಕೆಯ ತುದಿಯಲ್ಲಿ ಬಿಳಿ ಚುಕ್ಕೆಗಳು. ಇಂಗ್ಲಿಷಿನವರು ಪ್ಲೇನ್ ಟೈಗರ್ ಅನ್ನುವ ಇದು ಎಕ್ಕಿಯ ಎಲೆಯ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ, ಬೆಳ್ಳಿಬಣ್ಣದ್ದು. ಹೊರಬಂದ ಮರಿ ಮೊದಲು ತನ್ನ ಮೊಟ್ಟೆಯ ಸಿಪ್ಪೆ ತಿನ್ನುತ್ತದೆ, ಆಮೇಲೆ ಎಲೆ. ಬಿಳಿ, ಕಪ್ಪು, ಹಳದಿಯ ಬಳೆ ತೊಟ್ಟು, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆ ಹೊತ್ತು ಬೆಳೆಯುತ್ತದೆ. ಹಾಲಿನ ವಿಷ ಅದನ್ನು ಕೊಲ್ಲುವುದಿಲ್ಲ, ಏಕೆಂದರೆ ಈ ವಂಶದಲ್ಲಿ ಆ ಸೋಡಿಯಂ ಪಂಪಿನ ಕಟ್ಟೋಣವೇ ಒಂದೆರಡು ಕಡೆ ಬದಲಾಗಿ ವಿಷಕ್ಕೆ ಅಲ್ಲಿ ಹಿಡಿತ ಸಿಗದು. ಅಷ್ಟೇ ಅಲ್ಲ, ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ! ಕೋಶದೊಳಗೆ ಮಲಗಿ, ರೂಪವೆಲ್ಲ ಕರಗಿ ಮರುಹುಟ್ಟು ಪಡೆದು ರೆಕ್ಕೆ ಬಿಚ್ಚಿದ ಮೇಲೂ ಎಕ್ಕಿಯ ವಿಷ ಅದರ ಮೈಯಲ್ಲಿ ಉಳಿದಿರುತ್ತದೆ. ಒಮ್ಮೆ ತಿಂದು ಕಾರಿಕೊಂಡ ಹಕ್ಕಿ ಆ ಕಿತ್ತಳೆಯನ್ನು ಮರೆಯುವುದಿಲ್ಲ. ಅದಕ್ಕೇ ಇದು ಅವಸರವಿಲ್ಲದೆ, ನೆಲದ ಮಟ್ಟಕ್ಕೇ ತೇಲಿಕೊಂಡು ಹಾರುತ್ತದೆ. ಈಜಿಪ್ಟಿನ ಲಕ್ಸರ್‌ನಲ್ಲಿ ಸುಮಾರು 3500 ವರ್ಷ ಹಳೆಯ ಭಿತ್ತಿಚಿತ್ರವೊಂದರಲ್ಲಿ ಇದೇ ಪಾತರಗಿತ್ತಿಯಿದೆ. ಮನುಷ್ಯ ಬಣ್ಣದಲ್ಲಿ ಬರೆದ ಅತ್ಯಂತ ಹಳೆಯ ಪಾತರಗಿತ್ತಿಗಳಲ್ಲಿ ಅದೂ ಒಂದು.

ಹೂವಿನ ಲೆಕ್ಕದಲ್ಲಿ ಕಾಯಿ ಬಹಳ ಕಡಿಮೆ. ನೂರಾರು ಹೂವು ಬಿಟ್ಟ ಗಿಡದಲ್ಲಿ ಕಾಯಿ ಅಲ್ಲೊಂದು ಇಲ್ಲೊಂದು. ಬಲಿತ ಕಾಯಿ ಸೀಳಿದಾಗ ಒಳಗಿನ ಜೋಡಣೆ ನೋಡಿ ನನ್ನ ಕೈ ನಿಂತುಬಿಟ್ಟಿತು. ಚಪ್ಪಟೆಯ ಕಂದು ಬೀಜಗಳು ಮಾಡಿನ ಮೇಲಿನ ಹಂಚುಗಳ ಹಾಗೆ ಒಂದರ ಮೇಲೊಂದು ಅರ್ಧರ್ಧ ಹೊದ್ದು ಕೂತಿವೆ. ಒಳಗೆ ಅವುಗಳ ರೇಷ್ಮೆ ಎಳೆಗಳು ಒಂದೂ ಸಿಕ್ಕಾಗದೆ ಬಾಚಿಟ್ಟಿವೆ. ಗಾಳಿ ತಾಗಿದ್ದೇ ತಡ, ಮೇಲಿನ ಬೀಜ ಎದ್ದಿತು, ಅದರ ಎಳೆಗಳು ಸುತ್ತಲೂ ಬಿಚ್ಚಿಕೊಂಡವು, ಕಣಿವೆಯ ಮೇಲೆ ಹೊರಟೇಹೋಯಿತು.

ಅದು ಹೊರಟದ್ದು ಎಲ್ಲಿಗೆ ಗೊತ್ತೇ? ಮಿಲ್ಲಿನ ಕಡೆಗೆ. ಫಾಲ್ಸಿನ ಅಂಚಿನಲ್ಲೇ ನಿಂತಿರುವ ಹತ್ತಿ ಗಿರಣಿ 1880ರ ದಶಕದ್ದು. ಧುಮುಕುವ ನೀರಿನ ಬಲದಿಂದ ನೂಲು ತೆಗೆಯಲು ಕಟ್ಟಿದ್ದು. 1887ರಷ್ಟು ಹಿಂದೆಯೇ ಇಲ್ಲಿ ನೀರಿನಿಂದ ವಿದ್ಯುತ್ ತೆಗೆದರು ಎಂಬುದು ಊರಿನ ಹೆಮ್ಮೆ. ಆ ಗಿರಣಿಯೊಳಗೆ ತಲೆಮಾರುಗಳು ಹತ್ತಿ ನೂತವು, ಹೊರಗೆ ಬಂಡೆಯ ಮೇಲೆ ಇನ್ನೊಂದು ಅರಳೆ ತಾನಾಗಿ ಹಾರುತ್ತಿತ್ತು. ಹತ್ತಿಯ ಎಳೆಗೆ ಸಹಜವಾಗಿಯೇ ತಿರುಚು ಇರುತ್ತದೆ, ಹಾಗಾಗಿ ಒಂದಕ್ಕೊಂದು ಹಿಡಿದುಕೊಂಡು ನೂಲಾಗುತ್ತದೆ. ಎಕ್ಕಿಯ ಎಳೆ ನುಣ್ಣಗೆ, ನೆಟ್ಟಗೆ, ಒಳಗೆ ಪೊಳ್ಳು, ತುಂಬ ಹಗುರ. ಒಂದನ್ನೊಂದು ಹಿಡಿಯುವುದೇ ಇಲ್ಲ. ಹತ್ತಿ ಬೆರೆಸಿದರೆ ಮಾತ್ರ ನೂಲು ಬರುತ್ತದೆ. ದಿಂಬಿಗೆ ತುಂಬಿದರೆ ಸೊಗಸು. ಕಾಂಡದ ಸಿಪ್ಪೆಯ ನಾರಿನ ಗುಣ ಪೂರಾ ಬೇರೆ: ಗಟ್ಟಿ, ಹೊಳಪು, ಹಗ್ಗಕ್ಕೂ ಮೀನುಬಲೆಗೂ ಆಗುವಂಥದು. ಒಂದೇ ಗಿಡ ಹಾರುವುದಕ್ಕೆ ಒಂದು ಎಳೆ, ನಿಲ್ಲುವುದಕ್ಕೆ ಇನ್ನೊಂದು ಎಳೆ ಇಟ್ಟುಕೊಂಡಿದೆ.

ಲೋಕದ ಬೇರೆ ಕಡೆಗಳಲ್ಲಿ ಇದೇ ಕಾಯಿ ದಂತಕತೆಯಾಗಿದೆ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್, ಮೃತ ಸಮುದ್ರದ ಬಳಿ ಸೊದೋಮ್ ನಗರ ಸುಟ್ಟ ಜಾಗದಲ್ಲಿ ತಿನ್ನುವಂತೆ ಕಾಣುವ ಹಣ್ಣು ಬೆಳೆಯುತ್ತದೆ, ಕಿತ್ತರೆ ಹೊಗೆ ಬೂದಿಯಾಗುತ್ತದೆ ಎಂದು ಬರೆದ. ಅದು ಮರಳುಗಾಡಿನ ಎಕ್ಕೆಯ ಉಬ್ಬಿದ ಕಾಯಿಯೇ ಎಂದು ಬಹಳ ಜನ ಗುರುತಿಸಿದ್ದಾರೆ. ಹವಾಯಿಯಲ್ಲಿ ದೊಡ್ಡ ಎಕ್ಕೆಯ ಹೂವಿನ ನಡುವಿನ ಕಿರೀಟಗಳನ್ನು ಪೋಣಿಸಿ ಕೊರಳಮಾಲೆ ಮಾಡುತ್ತಾರೆ. ಅಲ್ಲಿನ ಕೊನೆಯ ರಾಣಿ ಲಿಲಿಯುಒಕಲಾನಿಗೆ ಅಚ್ಚುಮೆಚ್ಚಿನ ಹೂವದು. ಥಾಯ್ಲೆಂಡಿನಲ್ಲಿ ಮದುವೆಯ ಮಾಲೆಗೆ ಬೇಕೇಬೇಕು. ನಮ್ಮಲ್ಲಿ ಎಲೆ ಮಾರುತಿಗೆ, ಹೂವು ಶಿವನಿಗೆ, ಸಮಿಧೆ ಸೂರ್ಯನಿಗೆ. ಬಿಳಿ ಎಕ್ಕಿಯ ಬೇರಿನಲ್ಲಿ ಗಣಪನನ್ನು ಕಾಣುತ್ತೇವೆ. ಮೂರನೆಯ ಮದುವೆಯಾಗುವ ಗಂಡಿಗೆ ಮೊದಲು ಎಕ್ಕಿಯ ಗಿಡಕ್ಕೇ ತಾಳಿ ಕಟ್ಟಿಸುವ ಪದ್ಧತಿಯೂ ಇತ್ತು. ಇಷ್ಟೆಲ್ಲ ಮರ್ಯಾದೆ ಕೊಡುವ ನಾವೇ, ಯಾರದಾದರೂ ಮನೆ ಹಾಳಾಗಲಿ ಎನ್ನಬೇಕಾದರೆ ಅಲ್ಲಿ ಎಕ್ಕ ಹುಟ್ಟಲಿ ಎಂದು ಶಪಿಸುತ್ತೇವೆ.

ಆ ಶಾಪದ ಮನಸ್ಸು ಕಾಗದಪತ್ರದಲ್ಲೂ ಇದೆ, ನನಗೆ ಸಂಕಟವಾಗುವುದು ಅಲ್ಲೇ. ಎಕ್ಕಿ, ತಂಗಡಿ, ಕಳ್ಳಿ, ಬಾರಿ ಬೆಳೆಯುವ ಇಂಥ ನೆಲಕ್ಕೆ ಪಹಣಿಯಲ್ಲಿ ಖರಾಬು ಎಂದು ಹೆಸರು. ಗೋಕಾಕ, ಮೂಡಲಗಿಯ ಎರೆಹೊಲಗಳಿಗೆ ಕಾಲುವೆ ನೀರು ಬಂದು ಕಬ್ಬು, ಗೋವಿನಜೋಳ, ಅರಿಶಿಣ ಬೆಳೆಯಿತು. ರೈತರ ಬಾಳು ಹಸನಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿದ ಬಂಡೆಗುಡ್ಡಗಳು ಹಾಳುಬಿದ್ದ ಜಾಗಗಳಲ್ಲ. ಅಲ್ಲಿ ಗುಂಡಿ ತೋಡಿ ಬೇರೆಲ್ಲಿಂದಲೋ ತಂದ ಸಸಿ ನೆಟ್ಟು ಹಸಿರು ಮಾಡಬೇಕಾದ್ದೂ ಇಲ್ಲ. ಹೊಲದ ಬದುವಿನಿಂದ, ರಸ್ತೆಯ ಬದಿಯಿಂದ ಜೆಸಿಬಿ ಬಂದು ಕಿತ್ತ ಒಂದೊಂದು ಎಕ್ಕಿಯ ಜೊತೆ ಗುಂಗಿಹುಳದ ಮಧ್ಯಾಹ್ನದ ಊಟ ಹೋಗುತ್ತದೆ, ಪಾತರಗಿತ್ತಿಯ ತೊಟ್ಟಿಲು ಹೋಗುತ್ತದೆ. ಎಕ್ಕಿ ಎಲ್ಲಾದರೂ ಮತ್ತೆ ಹುಟ್ಟುತ್ತದೆ, ಆ ಜಾತಿ ಅಂಥದು. ಆಸ್ಟ್ರೇಲಿಯಾದ ಉತ್ತರದಲ್ಲಿ ಹೊರಗಿನಿಂದ ಹೋದ ಮರಳುಗಾಡಿನ ಎಕ್ಕೆ ಹುಲ್ಲುಗಾವಲುಗಳನ್ನು ಆಕ್ರಮಿಸಿ ದೊಡ್ಡ ಕಳೆಯಾಗಿ ಕಾಡುತ್ತಿದೆ. ಇಲ್ಲಿ ಅದರ ತವರು. ಅದನ್ನು ತಿನ್ನುವವರು, ಹೀರುವವರು, ಕೊರೆಯುವವರು ಎಲ್ಲ ಇಲ್ಲೇ ಇದ್ದು ಹದದಲ್ಲಿ ಇಟ್ಟಿದ್ದಾರೆ.

ಹೋಗುವುದಾದರೆ ಸಂಕ್ರಾಂತಿಯ ಆಚೆ, ಬಿಸಿಲು ಏರುವ ಹೊತ್ತಿಗೆ ಹೋಗಿ. ಎಕ್ಕಿ ವರ್ಷವಿಡೀ ಹೂ ಬಿಡುತ್ತದೆ, ಆದರೆ ಸುತ್ತ ಎಲ್ಲ ಒಣಗಿದಾಗ ಇಡೀ ಗುಡ್ಡದ ಹುಳುಹುಪ್ಪಟೆ ಅದೊಂದರ ಬಳಿಗೇ ಬರುತ್ತದೆ. ಭೂತಗನ್ನಡಿ, ಸೂಜಿ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದೊಯ್ಯಿರಿ, ಹಾಲು ತಾಗಿದ ಕೈ ತೊಳೆಸಿ.

ಇನ್ನೊಂದು ಬೆರಗು ಬಾಕಿ ಇದೆ. ಎಕ್ಕಿಯ ಸುತ್ತ ತೇಲುವ ಆ ಕಿತ್ತಳೆ ಪಾತರಗಿತ್ತಿಗಳೆಲ್ಲ ಒಂದೇ ಜಾತಿಯವು ಅಂದುಕೊಳ್ಳಬೇಡಿ! ಡಾನೈಡ್ ಎಗ್‌ಫ್ಲೈ ಎಂಬ ಪೂರಾ ಬೇರೆ ವಂಶದ ಪಾತರಗಿತ್ತಿಯಿದೆ. ಅದರ ಗಂಡು ಕಪ್ಪು, ರೆಕ್ಕೆಗಳ ಮೇಲೆ ದುಂಡನೆಯ ದೊಡ್ಡ ಬಿಳಿ ಮಚ್ಚೆಗಳು. ಹೆಣ್ಣು ಮಾತ್ರ ಎಕ್ಕಿಯ ಪಾತರಗಿತ್ತಿಯ ವೇಷವನ್ನು ಚುಕ್ಕೆ, ಅಂಚು, ನಿಧಾನದ ಹಾರಾಟ ಸಹಿತ ತೊಟ್ಟಿದೆ. ಅದರ ಮರಿ ಬೆಳೆದದ್ದು ನಾವು ಪಲ್ಯಕ್ಕೆ ಬಳಸುವ ಗೋಣಿಸೊಪ್ಪು ತಿಂದು. ಮೈಯಲ್ಲಿ ಎಕ್ಕಿಯ ವಿಷದ ಒಂದು ಹನಿಯೂ ಇಲ್ಲ. ಹಕ್ಕಿ ಹಿಡಿದರೆ ಸಲೀಸಾಗಿ ನುಂಗಬಹುದು. ಆದರೆ ಎಕ್ಕಿಯ ನೆನಪಿರುವ ಹಕ್ಕಿ ಹಿಡಿಯುವುದಿಲ್ಲ. ಕೂತಾಗ ಹಿಂರೆಕ್ಕೆ ನೋಡಿ. ನಡುವಿನಲ್ಲಿ ಮೂರೋ ನಾಲ್ಕೋ ಕಪ್ಪು ಚುಕ್ಕೆಯಿದ್ದರೆ ಅದು ನಿಜಕ್ಕೂ ಎಕ್ಕಿ ಉಂಡು ಬೆಳೆದದ್ದು. ಮೇಲಂಚಿನ ಹತ್ತಿರ ಒಂದೇ ಚುಕ್ಕೆಯಿದ್ದರೆ ಗೋಣಿಸೊಪ್ಪಿನದು.